ಆಕಿ ಹಲ್ಲು ಉಬ್ಬಿರಲಿಲ್ಲ

ಜನವರಿ 9, 2025, ರಾಣೆಬೆನ್ನೂರು

ಬೀಜದ ಕಂಪನಿಯವರು ನಮ್ಮ ಅಂಗಡಿಗೆ ವರ್ಷಕ್ಕೊಂದು ಡೈರಿ ಕೊಡುತ್ತಾರೆ. ಪುಟಪುಟಕ್ಕೂ ಹೈಬ್ರಿಡ್ ಬದನೆಕಾಯಿ, ಹೀರೇಕಾಯಿಯ ಚಿತ್ರವಿರುವುದರಿಂದ ನಮ್ಮ ಯಜಮಾನರು ಅದರಲ್ಲಿ ಏನೂ ಬರೆಯುವುದಿಲ್ಲ. ಈ ವರ್ಷದ್ದನ್ನು ನಾನು ಎತ್ತಿಟ್ಟುಕೊಂಡೆ. ಇವರನ್ನು ಕೇಳಿಯೇ ಎತ್ತಿಟ್ಟುಕೊಂಡೆ.

ಮಾವನವರು ಆಸ್ಪತ್ರೆಯಿಂದ ಬಂದು ವಾರವಾಯಿತು. ಎದೆಯ ಕಫ ಕರಗಿದೆ, ಜ್ವರ ಬಿಟ್ಟಿದೆ, ಜೊತೆಗೆ ಊಟವೂ ಬಿಟ್ಟಿದೆ. ಹೊತ್ತಿಗೆ ಎರಡು ಚಮಚ ಗಂಜಿ. ಮೂರನೆಯದಕ್ಕೆ ತುಟಿ ಬಿಗಿದುಕೊಳ್ಳುತ್ತಾರೆ. ಎಪ್ಪತ್ತಾರು ವರ್ಷದ ವಿರೂಪಾಕ್ಷಪ್ಪನವರು, ಒಂದು ಕಾಲಕ್ಕೆ ಪೇಟೆಯ ಹಮಾಲರೆಲ್ಲ ಹೆದರುತ್ತಿದ್ದ ಮನುಷ್ಯ, ಈಗ ಅಂಗನವಾಡಿಯ ಕೂಸು. ಇವತ್ತು ಇವರು ಮಂಚದ ಮೇಲೆ ಬಗ್ಗಿ ಕೇಳಿದರು, ‘ಅಪ್ಪಾ, ಏನ್ ಬೇಕ್ರಿ ನಿಮಗ? ಬಾಯಿ ಬಿಟ್ಟು ಹೇಳ್ರಿ.’

‘ನಿರ್ಮಲಾಂದು ಒಂದು ಮುಗಸ್ರಿ,’ ಎಂದರು ಮಾವನವರು. ‘ಆಕಿ ಅದಾಳೋ ಇಲ್ಲೋ ಗೊತ್ತಾಗದ ನನಗ ತುತ್ತು ಇಳಿಯಂಗಿಲ್ಲ. ಪೇಪರಿನ್ಯಾಗ ಒಮ್ಮೆ ಹಾಕ್ರಿ. ಬಂದ್ರ ಬಂದ್ಲು. ಬರಲಿಲ್ಲಂದ್ರ ಶಿವರಾತ್ರಿ ಮುಗದ ಮ್ಯಾಲ ಆಕಿ ತಿಥಿ ಮಾಡಿಬಿಡ್ರಿ. ಆಮ್ಯಾಲ ನಾನೂ ಹೊಂಡತೇನಿ.’

ಆ ಹೆಸರನ್ನು ಈ ಮನೆಯಲ್ಲಿ ಯಾರೂ ಗಟ್ಟಿಯಾಗಿ ಹೇಳುವುದಿಲ್ಲ. ನಿರ್ಮಲಾ ಮಾವನವರ ತಂಗಿ. ತಂದೆತಾಯಿ ಬೇಗ ತೀರಿಕೊಂಡಿದ್ದರಿಂದ ಹದಿಮೂರು ವರ್ಷ ದೊಡ್ಡವರಾದ ಮಾವನವರೇ ಅವಳನ್ನು ಬೆಳೆಸಿದ್ದರು. 1981ರಲ್ಲಿ ಒಂದು ದಿನ, ಹತ್ತೊಂಬತ್ತರ ಹುಡುಗಿ, ಹೊಲಿಗೆ ಕ್ಲಾಸಿಗೆ ಹೋಗಿ ಬರುತ್ತೇನೆಂದು ಹೊರಟವಳು ಬರಲಿಲ್ಲ. ಮುಂದಿನ ತಿಂಗಳು ಬ್ಯಾಡಗಿಯ ಹಾಲೇಶಪ್ಪನವರ ಜೊತೆ ಮದುವೆಯಿತ್ತು. ಹಾಲೇಶಪ್ಪ ಎಂದರೆ ನಮ್ಮ ಅತ್ತೆ ಕರೆವ್ವನವರ ಅಣ್ಣ. ಆ ಮನೆಯ ಹೆಣ್ಣು ಇಲ್ಲಿಗೆ ಬಂದಿತ್ತು, ಈ ಮನೆಯ ಹೆಣ್ಣು ಅಲ್ಲಿಗೆ ಹೋಗಬೇಕಿತ್ತು. ಅರ್ಧ ವ್ಯವಹಾರ ಬಾಕಿ ಉಳಿಯಿತು. ಮುಂಬೈ, ಪುಣೆ, ಗೋವಾ ಎಲ್ಲ ಹುಡುಕಿದರಂತೆ. ದೇವರಗುಡ್ಡಕ್ಕೆ ಹರಕೆ ಹೊತ್ತರಂತೆ. ಗಳಗನಾಥದಲ್ಲಿ ಹೊಳೆಗೆ ಹಾರಿದಳೆಂದು ಒಬ್ಬರು, ಸರ್ಕಸ್ಸಿನವರ ಜೊತೆ ಹೋದಳೆಂದು ಒಬ್ಬರು.

‘ಪುಷ್ಪಾ, ನೀ ಮನ್ಯಾಗ ಖಾಲಿ ಇರ್ತಿ. ನೀನ ನೋಡ್ಕೊ ಇದನ್ನ,’ ಎಂದರು ಇವರು.

ಖಾಲಿ ಇರುತ್ತೇನಂತೆ. ಬರೆದುಕೊಳ್ಳಲು ಹೊತ್ತಿಲ್ಲ, ಹಾಲು ಉಕ್ಕುತ್ತಿದೆ.

ಜನವರಿ 12

ಪ್ರಕಟಣೆ ಬರೆದದ್ದು. ಮಾವನವರು ಹೇಳುವುದು, ನಾನು ಬರೆಯುವುದು, ಇವರು ತಿದ್ದುವುದು. ಬಣ್ಣ ಗೋಧಿ, ಎತ್ತರ ಸಾಧಾರಣ.

‘ಗುರುತು?’ ಎಂದು ಕೇಳಿದೆ.

ಮಾವನವರು ಕಣ್ಣು ಮುಚ್ಚಿದರು. ನಿದ್ದೆ ಹೋದರೇನೋ ಅಂದುಕೊಳ್ಳುವಷ್ಟರಲ್ಲಿ, ‘ಹಲ್ಲು ಸ್ವಲ್ಪ ಉಬ್ಬಿದ್ದುವು. ನಕ್ಕರ ಛಂದ ಕಾಣತಿದ್ಲು,’ ಎಂದರು.

ಇವರು ಅಕ್ಷರ ಉಳಿಸಲೆಂದು ‘ಸ್ವಲ್ಪ’ವನ್ನೂ ‘ಛಂದ’ವನ್ನೂ ಹೊಡೆದುಹಾಕಿ ‘ಉಬ್ಬು ಹಲ್ಲು’ ಎಂದಷ್ಟೇ ಉಳಿಸಿದರು.

ಅತ್ತೆ ಮೂಲೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಅವರಿಗೆ ಕಿವಿ ಮಂದ. ನಾನು ಸೊಸೆಯಾಗಿ ಬಂದಾಗಿನಿಂದಲೂ ಮಂದ. ‘ಏನ್ ಬರಿಯಾಕತ್ತೀರಿ?’ ಎಂದರು. ‘ನಿರ್ಮಲತ್ತಿದು,’ ಎಂದು ಇವರು ಕೂಗಿದರು. ‘ನಿಂಬಿಕಾಯಿ? ಭಾಳ ತುಟ್ಟಿ ಅದಾವ, ಬ್ಯಾಡ,’ ಎಂದರು ಅತ್ತೆ.

ಫೋನ್ ನಂಬರು ಯಾರದ್ದು ಹಾಕುವುದು? ಅಂಗಡಿಯದ್ದಾದರೆ ವ್ಯಾಪಾರಕ್ಕೆ ತೊಂದರೆ. ನನ್ನದು ಹಾಕಿದರು.

ಜನವರಿ 17

ಪೇಪರಿನಲ್ಲಿ ಬಂತು. ಹತ್ತೊಂಬತ್ತರ ಹುಡುಗಿಯ ಫೋಟೋ, ಕೆಳಗೆ ‘ಈಗ ಅಂದಾಜು ಅರವತ್ಮೂರು ವರ್ಷ’. ನೋಡಿದವರು ಮಧ್ಯದ್ದನ್ನು ತಾವೇ ಊಹಿಸಿಕೊಳ್ಳಬೇಕು. ಬಂದ ಫೋನುಗಳು: ದಾದರ್ ಸ್ಟೇಷನ್ನಿನಲ್ಲಿ ಅವಳಿಂದ ವಡಾಪಾವ್ ಕೊಂಡಿದ್ದೆ ಎನ್ನುವ ಒಬ್ಬ, ಜಾತಕ ಕಳಿಸಿದರೆ ದಿಕ್ಕು ಹೇಳುತ್ತೇನೆ ಎನ್ನುವ ಒಬ್ಬ, ಮಾವನವರ ಹೆಸರು ಗುರುತಿಸಿ, ಹೆಂಗೂ ಫೋನ್ ಹಚ್ಚೇನಿ, ನಿಮ್ಮ ಕಡೆ ಸೌತೆ ಬೀಜ ಏನು ದರ ಎನ್ನುವ ಇನ್ನೊಬ್ಬ.

ಜನವರಿ 20

ನಿರ್ಮಲಾ ಬಂದಳು. ಮಗನನ್ನೂ ಕರೆದುಕೊಂಡು ಬಂದಿದ್ದಳು. ಹೆಚ್ಚೆಂದರೆ ನಲವತ್ತೈದು ವರ್ಷ. ‘ಅಣ್ಣಾ’ ಎಂದು ಮಾವನವರ ಕಾಲು ಹಿಡಿದು ಅತ್ತಳು. ನಿಜವಾದ ಕಣ್ಣೀರೇ.

ಮಾವನವರು ತಲೆದಿಂಬಿಗೆ ಒರಗಿ ಕೂತು ಅವಳನ್ನು ಚೆನ್ನಾಗಿ ನೋಡಿದರು. ‘ಏಳವಾ,’ ಎಂದರು. ‘ನನ್ನ ತಂಗಿ ನನಗಿಂತ ಹದಿಮೂರು ವರ್ಷ ಸಣ್ಣಾಕಿ ಇದ್ಲು. ಈಗ ಮೂವತ್ತು ವರ್ಷ ಸಣ್ಣಾಕಿ ಆಗಿ ಬಂದಾಳ. ನೀ ಇದ್ದ ಊರಾಗ ಹವಾ ಭಾಳ ಛಲೋ ಐತಿ.’

ಮಗ ತಲೆ ತಗ್ಗಿಸಿದ. ನಾನು ಇಬ್ಬರಿಗೂ ಚಹಾ ಕೊಟ್ಟು, ಬಸ್‌ಸ್ಟ್ಯಾಂಡಿನ ದಾರಿ ತೋರಿಸಿದೆ. ಮಾವನವರು ಆ ಸಂಜೆ ಮೂರನೆಯ ಚಮಚ ನುಂಗಿದರು. ದಿನಕ್ಕೊಬ್ಬಳು ಸುಳ್ಳು ನಿರ್ಮಲಾ ಬಂದರೂ ಒಳ್ಳೆಯದೇ ಅನ್ನಿಸಿತು.

ಜನವರಿ 21

ಇವತ್ತಿನದನ್ನು ಹೇಗಿತ್ತೋ ಹಾಗೇ ಬರೆದಿಡುತ್ತೇನೆ. ಒಬ್ಬ ಹೆಂಗಸಿನ ಫೋನ್.

‘ಪೇಪರಿನ್ಯಾಗ ಹಾಕಿದವರು ನೀವ ಏನ್ರಿ?’

‘ಹೌದ್ರಿ, ಹೇಳ್ರಿ.’

‘ಉಬ್ಬು ಹಲ್ಲು ಅಂತ ಬರದೀರಿ. ಆಕಿ ಹಲ್ಲು ಉಬ್ಬಿರಲಿಲ್ಲ.’

‘ನೀವು ಯಾರ್ರಿ?’

‘ನಾ ಯಾರರೆ ಆಗ್ಲಿ. ಬರಿಯೂಮುಂದ ನೋಡಿ ಬರೀಬೇಕು. ಕಳದುಹೋದ್ಲು ಅಂತ ಬಾಯಿಗೆ ಬಂದಂಗ ಬರದ್ರ ಹೆಂಗ?’

ಕಟ್.

ಒಲೆಯ ಮುಂದೆ ನಿಂತು ಯೋಚಿಸಿದೆ. ನಲವತ್ತನಾಲ್ಕು ವರ್ಷದ ಹಿಂದೆ ಕಾಣೆಯಾದ ಹುಡುಗಿಯ ಹಲ್ಲಿನ ಮರ್ಯಾದೆಗಾಗಿ ಇಷ್ಟು ಸಿಟ್ಟಾಗುವವರು ಯಾರು? ಆ ಹಲ್ಲು ಸ್ವಂತದ್ದಾದವರು ಮಾತ್ರ.

ಇವರಿಗೆ ಹೇಳಲು ಹೋದೆ. ಟಿವಿಯಲ್ಲಿ ಕ್ರಿಕೆಟ್ ನೋಡುತ್ತಿದ್ದರು. ‘ಆಮ್ಯಾಲ ಹೇಳು,’ ಎಂದರು. ಆಮೇಲೆ ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಜನವರಿ 22

ಆ ನಂಬರಿಗೆ ನಾನೇ ಫೋನ್ ಮಾಡಿದೆ. ಬೇರೆ ದನಿ, ವಯಸ್ಸಾದದ್ದು. ‘ಏಲಕ್ಕಿ ಹಾರದ ಅಂಗಡಿರಿ, ಹಾವೇರಿ. ಸತ್ಕಾರಕ್ಕ ಬೇಕೋ, ಮದವಿಗೋ?’

ಗಾಬರಿಯಲ್ಲಿ ‘ಸೌತೆ ಬೀಜ ಏನು ದರ’ ಎಂದು ಕೇಳಿ ಇಟ್ಟುಬಿಟ್ಟೆ.

ಫೆಬ್ರವರಿ 3, ಸೋಮವಾರ

ಬ್ಯಾಡಗಿಗೆ ಹೋಗಿ ಹಾಲೇಶಪ್ಪನವರಿಗೆ ತಿಥಿಯ ವಿಷಯ ಮುಟ್ಟಿಸಿ ಬಾ, ಹಾಗೇ ವರ್ಷದ ಮೆಣಸಿನಕಾಯಿ ತಾ ಎಂದು ಇವರು ಕಳಿಸಿದರು. ಸುಗ್ಗಿಯ ಸೋಮವಾರ. ಬಸ್ಸಿನಿಂದ ಇಳಿಯುವ ಮೊದಲೇ ಸೀನು ಶುರು. ಮಾರ್ಕೆಟ್ ಯಾರ್ಡಿನ ತುಂಬ ಕೆಂಪು ರಾಶಿ, ಚೀಲ ಹೊತ್ತವರು, ಮೂಗಿಗೆ ಟವೆಲ್ ಕಟ್ಟಿಕೊಂಡವರು.

ಹಾಲೇಶಪ್ಪನವರು ಪಡಸಾಲೆಯಲ್ಲಿ ಜೋಕಾಲಿಯ ಮೇಲೆ ಕೂತಿದ್ದರು. ನಿರ್ಮಲಾ ಹೆಸರೆತ್ತಿದ ಕೂಡಲೇ, ‘ಕಂಡಕ್ಟರನ ಕೂಡ ಓಡಿಹೋದಾಕಿಗೆ ತಿಥಿ ಒಂದು ಕಡಿಮಿ ಆಗಿತ್ತು. ನನ್ನಂಥಾ ಗಂಡು ಆಕಿ ಹಣೇಬರಹದಾಗ ಬರದಿರಲಿಲ್ಲ,’ ಎಂದರು. ಚಹಾ ಬಂತು. ಒಂದು ಗುಟುಕು ಕುಡಿದು, ಆರಿದೆಯೆಂದು ಕಪ್ಪನ್ನು ಗೋಡೆಗೆ ಬೀಸಿದರು. ಎಪ್ಪತ್ಮೂರು ವರ್ಷ, ಕೈಯಲ್ಲಿ ಇನ್ನೂ ಅಷ್ಟು ಬಲವಿದೆ. ಅವರ ಹೆಂಡತಿ ದೇವವ್ವನವರು ಬಂದು ಚೂರು ಆಯ್ದುಕೊಂಡು ಹೋದರು. ಅವರ ಮುಖದಲ್ಲಿ ಏನೂ ಬದಲಾಗಲಿಲ್ಲ. ಹೂವು ಆಯ್ದಷ್ಟು ಸಲೀಸು.

ಹಿತ್ತಲಲ್ಲಿ ನನ್ನ ಚೀಲಕ್ಕೆ ಮೆಣಸಿನಕಾಯಿ ತುಂಬುತ್ತ ದೇವವ್ವ ಮೆಲ್ಲಗೆ ಹೇಳಿದರು, ‘ಬ್ಯಾಡಗಿ ಕಾಯಿ ಬಣ್ಣ ಹೆಚ್ಚು, ಖಾರ ಕಡಿಮಿ ಅಂತಾರ. ನಮ್ಮನಿ ಕಾಯಿ ಉಲ್ಟಾ ಐತವಾ.’ ಆಮೇಲೆ ಚೀಲದ ಬಾಯಿ ಕಟ್ಟುತ್ತ, ‘ಆಕಿ ಎಲ್ಲೆರೆ ಸಿಕ್ಕರ ಹೇಳು. ಭಾಳ ಶಾಣ್ಯಾ ಕೆಲಸ ಮಾಡಿದಿ ಅಂತ.’

ಬಸ್‌ಸ್ಟ್ಯಾಂಡಿಗೆ ಬಂದೆ. ರಾಣೆಬೆನ್ನೂರಿನ ಬಸ್ಸು ನಿಂತಿತ್ತು. ಪಕ್ಕದಲ್ಲೇ ಹಾವೇರಿಯದೂ ನಿಂತಿತ್ತು. ಹೆಂಗಸರಿಗೆ ಈಗ ಬಸ್ಸು ಪುಕ್ಕಟೆ. ಕಂಡಕ್ಟರಿಗೆ ಆಧಾರ್ ತೋರಿಸಿ ಎಲ್ಲಿಗೆಂದು ಹೇಳುವುದಷ್ಟೇ ಕೆಲಸ. ಅವನು ಕೇಳಿದ. ಹಾವೇರಿ ಎಂದೆ.

ಇವರಿಗೆ ಫೋನ್ ಮಾಡಿ, ಹಾಲೇಶಪ್ಪ ಮಾವ ಊಟ ಮಾಡಿಕೊಂಡೇ ಹೋಗು ಅನ್ನುತ್ತಿದ್ದಾರೆ ಎಂದೆ. ಅವರು ಯಾರಿಗಾದರೂ ಹಾಗೆ ಅಂದದ್ದುಂಟೇ? ಇವರು ನಂಬಿದರು.

ಕೈ ಸೋತಿದೆ. ಉಳಿದದ್ದು ನಾಳೆ.

ಫೆಬ್ರವರಿ 4

ಏಲಕ್ಕಿ ಹಾರದ ಅಂಗಡಿ ಹುಡುಕುವುದು ಕಷ್ಟವಾಗಲಿಲ್ಲ. ಓಣಿಯ ಬಾಯಲ್ಲೇ ಮೂಗು ದಾರಿ ಹೇಳಿತು. ಮುಂದೆ ಗಾಜಿನ ಕಪಾಟಿನಲ್ಲಿ ಹಾರಗಳು, ಅದರ ಹಿಂದೆ ಎಪ್ಪತ್ತರ ಆಸುಪಾಸಿನ ಮೈಮುನಾಬಿ. ಒಳಕೋಣೆಯಲ್ಲಿ ಇನ್ನೊಬ್ಬಾಕೆ ಸೂಜಿಯಿಂದ ಏಲಕ್ಕಿ ಪೋಣಿಸುತ್ತಿದ್ದರು. ಬಿಳಿಗೂದಲು, ಕನ್ನಡಕ, ಕೈ ಮಾತ್ರ ಹುಡುಗಿಯದರಂತೆ ಓಡುತ್ತಿತ್ತು.

‘ಹಾರ ಬೇಕಾಗಿತ್ತೇನ್ರಿ?’ ಎಂದರು ಮೈಮುನಾಬಿ.

ನಾನು ಒಳಗಿನವರನ್ನೇ ನೋಡುತ್ತ, ‘ಪೇಪರಿನ್ಯಾಗ ಹಾಕಿದಾಕಿ ನಾನ ರಿ. ತಪ್ಪಾತು ಅಂತ ಹೇಳಾಕ ಬಂದೇನಿ,’ ಎಂದೆ.

ಓಡುತ್ತಿದ್ದ ಕೈ ನಿಂತಿತು. ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ತಪ್ಪಿಸಿಕೊಂಡು ಹೋಗಲು ಹಿತ್ತಲ ಬಾಗಿಲ ಕಡೆ ನೋಡಿದರು, ಮೊಣಕಾಲು ನೋಡಿಕೊಂಡರು, ಸುಮ್ಮನಾದರು. ಕೊನೆಗೆ, ‘ಸ್ವಲ್ಪ ಅಂತರೆ ಬರದಿದ್ರ ತಡಕೊಂಡಿರ್ತಿದ್ದೆ,’ ಎಂದರು.

ಮಾವನವರು ‘ಸ್ವಲ್ಪ’ ಎಂದೇ ಹೇಳಿದ್ದರು, ನಕ್ಕರೆ ಛಂದ ಕಾಣುತ್ತಿದ್ದಳೆಂದೂ ಹೇಳಿದ್ದರು, ನಮ್ಮವರು ಹೊಡೆದುಹಾಕಿದರು ಎಂದೆ. ಅವರು ನಕ್ಕರು. ಹಲ್ಲು ಉಬ್ಬಿದ್ದವು. ಸ್ವಲ್ಪವೇ. ಛಂದವೂ ಕಂಡರು.

ಇಲ್ಲಿ ಅವರ ಹೆಸರು ನೀಲವ್ವ. ಮೂವರೂ ಚಹಾ ಕುಡಿದೆವು. ಒಂದು ಲೋಟದಲ್ಲಿ ನಮ್ಮ ಮನೆಯಲ್ಲಿ ವರ್ಷಕ್ಕೆ ಬಳಸುವಷ್ಟು ಏಲಕ್ಕಿ ಇತ್ತು.

‘ಯಾರ ಕೂಡ ಬಂದ್ರಿ ಆಗ?’ ಎಂದು ಕೇಳಿದೆ.

‘ಯಾರ ಕೂಡ ಬರ್ಲಿ? ಬ್ಲೌಸಿನ ಅರಿವಿ ಒಂದು ಇತ್ತು ಕೈಯಾಗ, ಅದರ ಕೂಡ ಬಂದೆ. ವೈನಿ ಬಸ್ಸಿಗೆ ಹತ್ತಿಸಿದ್ರು.’

‘ಯಾವ ವೈನಿ?’

‘ನನಗ ಎಷ್ಟ ಮಂದಿ ವೈನಿ ಅದಾರ? ನಿಮ್ಮ ಅತ್ತಿ, ಕರೆವ್ವ.’

ನನ್ನ ಕೈಯ ಚಹಾ ಚೆಲ್ಲಿತು. ಮೈಮುನಾಬಿ ಬಟ್ಟೆ ತಂದು ಒರೆಸುತ್ತ ಉಳಿದದ್ದನ್ನು ಹೇಳಿದರು. ಅವರೂ ಅತ್ತೆಯೂ ಬ್ಯಾಡಗಿಯಲ್ಲಿ ಒಂದೇ ಓಣಿಯಲ್ಲಿ ಆಡಿ ಬೆಳೆದವರು. ಮದುವೆಯಾಗಿ ಮೈಮುನಾಬಿ ಹಾವೇರಿಗೆ ಬಂದರು, ಅತ್ತೆ ರಾಣೆಬೆನ್ನೂರಿಗೆ. ಹಾಲೇಶಪ್ಪನ ಕೈ ಎಂಥದ್ದೆಂದು ಅವನ ತಾಯಿಯ ಬೆನ್ನೂ ಅತ್ತೆಯ ಬೆನ್ನೂ ಬಲ್ಲವು. ‘ಕರೆವ್ವ ಒಂದ ಮಾತು ಹೇಳಿ ಕಳಿಸಿದ್ಲು. ಒಂದು ಹುಡುಗಿ ಬರ್ತಾಳ, ಇಟ್ಕೊ, ಅಂತ. ಇಟ್ಕೊಂಡೆ.’

ನೀಲವ್ವನವರು ಮದುವೆಯಾಗಲಿಲ್ಲವೇ ಎಂದು ಕೇಳಿದೆ. ‘ಬಿಡುವಾಗ್ಲಿಲ್ಲ,’ ಎಂದರು. ಒಮ್ಮೆ ಮಾವನವರೇ ಈ ಅಂಗಡಿಗೆ ಬಂದಿದ್ದರಂತೆ, ಯಾವುದೋ ಸತ್ಕಾರಕ್ಕೆ ಹಾರ ಹೇಳಲು. ಪರದೆಯ ಹಿಂದೆ ತಂಗಿ, ಮುಂದೆ ನಿಂತು ಅಣ್ಣ ಚೌಕಾಸಿ ಮಾಡಿದ್ದೇ ಮಾಡಿದ್ದು. ‘ಸಿಟ್ಟಿಗೆ ಎರಡು ಎಳಿ ಕಡಿಮಿ ಹಾಕಿದೆ,’ ಎಂದರು. ‘ಅಂವ ಹೋದ ಮ್ಯಾಲ ಅಳಕೋತ ಕುಂತೆ.’

ನಾನು ಏಳುವಾಗ ಅವರು ಮತ್ತೆ ಸೂಜಿ ಹಿಡಿದಿದ್ದರು. ತಲೆ ಎತ್ತದೆ ಕೇಳಿದರು, ‘ಅಣ್ಣ ಉಣ್ತಾನೇನು?’

‘ಎರಡು ಚಮಚ.’

‘ಮದಲಿಂದ ಹಂಗ. ಯಾರ ಮ್ಯಾಲ ಸಿಟ್ಟು ಬಂದ್ರೂ ಅನ್ನದ ಮ್ಯಾಲ ತೀರಸ್ತಾನ.’ ಸೂಜಿಯ ತುದಿ ಏಲಕ್ಕಿಯನ್ನು ಬಿಟ್ಟು ಬೆರಳಿಗೆ ಚುಚ್ಚಿತು.

ಮನೆಗೆ ಬಂದಾಗ ಇವರು, ‘ಏನ್ ಉಂಡಿ ಮಾವನ ಮನ್ಯಾಗ?’ ಎಂದರು. ‘ಜುಣಕಾ,’ ಎಂದೆ. ಇನ್ನೂ ಕೇಳಿದ್ದರೆ ಮಜ್ಜಿಗೆಯನ್ನೂ ಸೇರಿಸುತ್ತಿದ್ದೆ.

ಫೆಬ್ರವರಿ 5

ಅಡಿಗೆಮನೆಯಲ್ಲಿ ಅತ್ತೆ ನನಗೆ ಬೆನ್ನು ತಿರುಗಿಸಿ ರೊಟ್ಟಿ ತಟ್ಟುತ್ತಿದ್ದರು. ನಾನು ನನಗೇ ಕೇಳಿಸದಷ್ಟು ಮೆಲ್ಲಗೆ, ‘ಹಾವೇರಿಗೆ ಹೋಗಿದ್ದೆ ರಿ,’ ಎಂದೆ.

ತಟ್ಟುವ ಸದ್ದು ನಿಂತಿತು. ‘ಸಣ್ಣ ದನೀಲೆ ಮಾತಾಡು,’ ಎಂದರು ಅತ್ತೆ. ‘ಹೊರಗ ಕೇಳ್ತೈತಿ.’

ಇಪ್ಪತ್ತೇಳು ವರ್ಷ ನಾನು ಈ ಮನೆಯಲ್ಲಿ ಕೂಗಿ ಕೂಗಿ ಗಂಟಲು ಹರಿದುಕೊಂಡಿದ್ದೇನೆ. ಅವರ ಬೆನ್ನ ಹಿಂದೆ ನಾನು ಗೊಣಗಿದ್ದೆಲ್ಲ ಅವರಿಗೆ ಕೇಳಿಸಿದೆ ಎಂದಾಯಿತು. ‘ಕಿವಿ ಕೇಳ್ತೈತಿ ಅಂದ್ರ ಮಂದಿ ಪ್ರಶ್ನೆ ಕೇಳ್ತಾರ,’ ಎಂದರು. ‘ನಿರ್ಮಲಾ ಹೋದ ದಿನಾ ಎಲ್ಲಾರೂ ನನ್ನ ಕೇಳಾಕತ್ತಿದ್ರು. ಅವತ್ತಿಂದ ಮಂದ ಮಾಡ್ಕೊಂಡೆ.’

ನನಗೆ ಸಿಟ್ಟು ಬರಬೇಕಿತ್ತು. ಇಬ್ಬರೂ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕೆವು. ರೊಟ್ಟಿ ಸೀದುಹೋಯಿತು.

ಫೆಬ್ರವರಿ 18

ಮಾವನವರು ಇಳಿದುಹೋಗಿದ್ದಾರೆ. ಈಗ ಒಂದೇ ಚಮಚ. ಕೆನ್ನೆಯ ಎಲುಬು ಕಾಣುತ್ತಿದೆ. ಬೆಳಿಗ್ಗೆ ಅವರ ಮೈ ಒರೆಸುವಾಗ ನನಗೆ ನಗೆಚಾಟಿಕೆಯೆಲ್ಲ ಹಾರಿಹೋಯಿತು.

ಹಿತ್ತಲಲ್ಲಿ ಅತ್ತೆಗೆ ಹೇಳಿದೆ, ‘ಹೇಳಿಬಿಡೂಣ್ರಿ. ಹಿಂಗಾದ್ರ ಅವರು ಉಳಿಯೂದಿಲ್ಲ.’

‘ಹೇಳಿದ್ರ ಮದಲ ನನ್ನ ಹೊರಗ ಹಾಕ್ತಾರ. ಎಪ್ಪತ್ತು ವರ್ಷದಾಕಿ ಎಲ್ಲಿಗೆ ಹೋಗ್ಲಿ?’

‘ಹಾವೇರಿಗೆ.’

ಅತ್ತೆ ನಗಲಿಲ್ಲ. ಗಂಡನ ಸಿಟ್ಟಿಗಿಂತ ಅವರಿಗೆ ಬೇರೆಯದರ ಭಯ. ‘ಆ ಮನಷ್ಯಾ ನನ್ನ ಮುಂದ ಕುಂತು ಎಷ್ಟ ಸಲ ಅತ್ತಾನ ಗೊತ್ತೈತೇನು ನಿನಗ? ನಾ ಅವಾಗೆಲ್ಲ ಕೇಳಿಸಲಾರದಂಗ ಇದ್ದೆ. ಅದನ್ನ ಹೆಂಗ ಹೇಳ್ಲಿ?’

ಹಾವೇರಿಗೆ ಫೋನ್ ಮಾಡಿದೆ. ನೀಲವ್ವನವರು ಎಲ್ಲ ಕೇಳಿಸಿಕೊಂಡರು. ‘ನಾ ಬಂದು ನಿಂತ್ರ ವೈನಿ ಮಾನ ಹೋಗ್ತೈತಿ. ಬರದಿದ್ರ ಅಣ್ಣ ಹೋಗ್ತಾನ,’ ಎಂದರು. ಆಮೇಲೆ ದನಿ ಬದಲಾಯಿತು. ‘ನನ್ನ ತಿಥಿ ಯಾವತ್ತು?’

‘ಮಾರ್ಚ್ ಎರಡನೇ ತಾರೀಖು. ರವಿವಾರ.’

‘ಊರ ಮಂದೀನೆಲ್ಲಾ ಕರಿತೀರಿ. ನನ್ನ ತಿಥಿಗೆ ನನ್ನ ಕರಿಯೂದಿಲ್ಲೇನು?’

ಫೆಬ್ರವರಿ 27

ಶಿವರಾತ್ರಿ ನಿನ್ನೆ ಮುಗಿಯಿತು. ಮಠದ ಅಯ್ಯನವರು ಬಂದು, ದೇಹ ಸಿಗದಿದ್ದರೂ ಫೋಟೋ ಇಟ್ಟು ಪೂಜೆ ಮಾಡಿ ಗಣಾರಾಧನೆಯ ಊಟ ಹಾಕಬಹುದು ಎಂದರು. ಮಾವನವರಿಗೆ ಒಂದೇ ಹಟ: ಫೋಟೋಕ್ಕೆ ಹಾವೇರಿಯ ಏಲಕ್ಕಿ ಹಾರವೇ ಆಗಬೇಕು. ‘ಮದವ್ಯಾಗ ಹಾಕಿಸ್ಬೇಕಂತ ಮಾಡಿದ್ದೆ ಆಕಿಗೆ,’ ಎಂದರು.

ನಾನೇ ಆರ್ಡರು ಕೊಟ್ಟೆ. ‘ಎಳಿ ಕಡಿಮಿ ಮಾಡಬ್ಯಾಡ್ರಿ ಮತ್ತ,’ ಎಂದೆ. ‘ನನಗ ನಾನ ಮೋಸಾ ಮಾಡ್ಲೇನು?’ ಎಂದರು ಅತ್ತ ಕಡೆಯಿಂದ.

ಇವರು ಎಷ್ಟು ಜನಕ್ಕೆ ಅಡಿಗೆ, ಏನು ಸಿಹಿ ಎಂದು ಕೇಳಿದರು. ಹೋಳಿಗೆ ಎಂದೆ. ಹುಗ್ಗಿ ಸಾಕಲ್ಲ ಎಂದರು. ಹೋಳಿಗೆ ಎಂದೆ.

ಮಾರ್ಚ್ 2, ರವಿವಾರ

ನಿರ್ಮಲಾ ಅವರ ತಿಥಿ ಸಾಂಗವಾಗಿ ಆಯಿತು. ನಿರ್ಮಲಾ ಅವರು ಹತ್ತು ಗಂಟೆಯ ಬಸ್ಸಿಗೆ ಬಂದರು.

ಜೊತೆಗೆ ಮೈಮುನಾಬಿ. ಅತ್ತೆ ಬಾಗಿಲಲ್ಲೇ ಎದುರುಗೊಂಡು, ‘ನನ್ನ ಬ್ಯಾಡಗಿ ಗೆಳತಿ. ಹಾರ ತಂದಾರ,’ ಎಂದು ಎಲ್ಲರಿಗೂ ಹೇಳಿದರು. ನೀಲವ್ವನವರು ತಲೆಯ ಮೇಲೆ ಸೆರಗು ಹೊದ್ದು ಅಂಗಳ, ತೊಲೆಬಾಗಿಲು, ದೇವರ ಕೋಣೆ ಎಲ್ಲವನ್ನೂ ಒಂದೊಂದಾಗಿ ನೋಡಿದರು. ಹಾರವನ್ನು ತಾವೇ ಫೋಟೋಕ್ಕೆ ಹಾಕಿ, ಓರೆಯಾದದ್ದನ್ನು ಸರಿಮಾಡಿದರು.

ಹಾಲೇಶಪ್ಪನವರು ಬಂದು ಫೋಟೋದ ಮುಂದೆ ಕರವಸ್ತ್ರ ಕಣ್ಣಿಗೊತ್ತಿಕೊಂಡರು. ಪಕ್ಕದಲ್ಲಿದ್ದ ನೀಲವ್ವನವರು, ‘ಭಾಳ ಜೀವ ಇತ್ತೇನ್ರಿ ಆಕಿ ಮ್ಯಾಲ?’ ಎಂದು ಕೇಳಿದರು.

‘ಏನ್ ಕೇಳ್ತೀರಿ ತಂಗಿ. ಆಕೀನೂ ನನ್ನ ಸಲುವಾಗಿ ಜೀವಾ ಬಿಡತಿದ್ಲು.’

‘ಅದು ಖರೇ ರಿ,’ ಎಂದರು ನೀಲವ್ವ. ‘ಅದಕ್ಕ ಲಗೂನ ಹೋಗಿಬಿಟ್ಲು.’ ಅವರ ಹಿಂದಿದ್ದ ದೇವವ್ವನವರಿಗೆ ಒಮ್ಮೆಲೇ ಕೆಮ್ಮು ಬಂದು ಹೊರಗೆ ಹೋಗಬೇಕಾಯಿತು.

ಊಟಕ್ಕೆ ಕೂತರು. ಗಂಡಸರ ಸಾಲು ಆಚೆ, ಹೆಂಗಸರ ಸಾಲು ಈಚೆ. ಮನೆಯ ಹಿರಿಯರು ಪಂಕ್ತಿಯಲ್ಲಿ ಉಪಚಾರ ಹೇಳುವುದು ಪದ್ಧತಿ. ಮಾವನವರು ಹಟ ಮಾಡಿ ಎದ್ದರು. ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈ ನನ್ನ ಮುಂಗೈ ಮೇಲೆ. ‘ಸಾವಕಾಶ ಊಟಾ ಮಾಡ್ರಿ, ಸಾವಕಾಶ,’ ಎನ್ನುತ್ತ ಒಂದೊಂದೇ ಎಲೆ ದಾಟಿ ಬಂದರು. ನೀಲವ್ವನವರ ಎಲೆಯ ಮುಂದೆ ಬಂದಾಗ ಕೋಲು ನಿಂತಿತು.

‘ಯಾವ ಊರಿಂದ ಬಂದೀರಿ?’

‘ಹಾವೇರಿಯಿಂದರಿ.’

‘ಇಲ್ಲೇ ಹಾವೇರಿ?’

‘ಹೂಂರಿ. ಇಲ್ಲೇ.’

ನನ್ನ ಮುಂಗೈ ಮೇಲಿದ್ದ ಬೆರಳು ಬಿಗಿಯಾದವು. ಬಳೆಯೊಂದು ಒಡೆಯಿತು. ದೂರದಲ್ಲಿ ಅತ್ತೆ ಹೋಳಿಗೆಯ ಬುಟ್ಟಿ ಹಿಡಿದು ಕಂಬದಂತೆ ನಿಂತಿದ್ದರು.

‘ಭಾಳ ವರ್ಷಾತೇನು ಹಾವೇರಿಗೆ ಬಂದು?’

‘ಭಾಳ ವರ್ಷಾತ್ರಿ.’

‘ಆರಾಮ ಅದೀರಿ ಅಲ್ಲಿ?’

‘ಆರಾಮ ಅದೇನ್ರಿ.’

‘ಯಾರರೆ ತ್ರಾಸ ಕೊಟ್ಟಾರೇನು?’

‘ಇಲ್ರಿ. ಯಾರೂ ಕೊಟ್ಟಿಲ್ಲ.’

ಮಾವನವರು ತಲೆಯಾಡಿಸಿದರು. ಆಡಿಸುತ್ತಲೇ ಇದ್ದರು. ಮುಂದಕ್ಕೆ ಕರೆದೊಯ್ಯಲೇ ಎಂದು ನಾನು ಯೋಚಿಸುವಷ್ಟರಲ್ಲಿ ನೀಲವ್ವನವರು ಸೆರಗು ಸರಿಸಿ ಮುಖವೆತ್ತಿದರು. ‘ನೀವು ಉಂಡ್ರೇನ್ರಿ?’

‘ಇನ್ನೂ ಇಲ್ಲ.’

‘ಮತ್ತ ಕುಂದರ್ರಿ. ಹೋಳಿಗಿ ಆರತಾವು.’

ಮಾವನವರು ಹೆಂಗಸರ ಸಾಲಿನಲ್ಲೇ, ಅವರ ಪಕ್ಕದಲ್ಲೇ ಕೂತರು. ಎಲ್ಲರೂ ತಿರುಗಿ ನೋಡಿದರು. ಇವರು ಓಡಿ ಬಂದು, ‘ಅಪ್ಪಾ, ಅದು ಹೆಂಗಸರ ಪಂಕ್ತಿರಿ,’ ಎಂದರು. ‘ಹೋಳಿಗಿ ಬ್ಯಾರೆ ಏನಲ್ಲಲ್ಲ,’ ಎಂದರು ಮಾವನವರು. ಅತ್ತೆ ಬಂದು ಎಲೆ ಹಾಕಿದರು, ಹೋಳಿಗೆ ಬಡಿಸಿದರು, ತುಪ್ಪ ಹಾಕುತ್ತ ಹಾಕುತ್ತ ಬಟ್ಟಲು ಪೂರ್ತಿ ಬರಿದು ಮಾಡಿದರು. ಮಾವನವರು ಒಂದು ಹೋಳಿಗೆ ತಿಂದು, ಇನ್ನೊಂದರಲ್ಲಿ ಅರ್ಧ ಮುರಿದು ಪಕ್ಕದ ಎಲೆಗೆ ಹಾಕಿದರು. ಅಣ್ಣನ ಕಣ್ಣೀರು ಸಾರಿಗೆ ಬೀಳುತ್ತಿತ್ತು. ತಂಗಿ ಸಾರಿನ ಬಟ್ಟಲನ್ನು ಆಚೆ ಸರಿಸಿದರು.

ಮೂರು ಗಂಟೆಯ ಬಸ್ಸಿಗೆ ಅವರು ಹೋದರು.

ಮಾರ್ಚ್ 3

ಮಾವನವರು ಒಂದು ರೊಟ್ಟಿ ತಿಂದರು. ಎಣ್ಣೆಗಾಯಿಗೆ ಉಪ್ಪು ಸಾಲದೆಂದು ಬೈದರು. ಇವರು ಅಂಗಡಿಗೆ ಬಂದವರಿಗೆಲ್ಲ ಗಣಾರಾಧನೆಯ ಮಹಿಮೆ ವರ್ಣಿಸುತ್ತಿದ್ದಾರಂತೆ. ನಿರ್ಮಲತ್ತೆಯ ಆತ್ಮಕ್ಕೆ ಶಾಂತಿ ಸಿಕ್ಕಿತು, ಅಪ್ಪನ ಹಸಿವೆ ತಿರುಗಿ ಬಂತು ಎಂದು. ಸುಳ್ಳೇನಲ್ಲ.

ಮಾರ್ಚ್ 16

ಈಚೆಗೆ ಬರೆಯಲು ಬಿಡುವಾಗುತ್ತಿಲ್ಲ. ಮೊನ್ನೆ ಹಾವೇರಿ, ಅದಕ್ಕೂ ಮೊದಲು ದೇವವ್ವನವರನ್ನು ಕರೆದುಕೊಂಡು ಗಳಗನಾಥ. ಎಲ್ಲಿಗೆ ಎಂದು ಇವರು ಕೇಳಿದರೆ ಊರಿನ ಹೆಸರು ಹೇಳಿ ಹೊರಡುತ್ತೇನೆ.

ಇವತ್ತು ಸಂಜೆ ಮಾವನವರು ಅಂಗಳದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಮುಖಕ್ಕೆ ಕಳೆ ಬಂದಿದೆ, ಹೊಟ್ಟೆಯೂ ಸ್ವಲ್ಪ. ನನ್ನನ್ನು ಕರೆದು ಹತ್ತಿರ ಕೂರಿಸಿಕೊಂಡರು.

‘ಮುಂಬೈ ತನಕ ಹೋಗಿ ಹುಡುಕಿದೆ ಪುಷ್ಪಾ. ಹಾವೇರಿ ದಾಟೇ ಹೋದೆ, ಹಾವೇರಿ ದಾಟೇ ಬಂದೆ. ಆಕೀನ ಹುಡುಕಾಕ ಅಂತ ಅಲ್ಲಿ ಒಮ್ಮೆನೂ ಇಳೀಲಿಲ್ಲ.’

ಕುರ್ಚಿಯ ಪಕ್ಕ ಬಿದ್ದಿದ್ದ ಕೋಲನ್ನು ಎತ್ತಿ ಅವರ ಕೈಗೆ ಕೊಟ್ಟೆ.

‘ಹಾಲೇಶಪ್ಪಂದು ನನಗೂ ಗೊತ್ತಿತ್ತು. ಮಾತು ಕೊಟ್ಟೇನಿ ಅಂತ ಸುಮ್ಮಿದ್ದೆ. ನಿಮ್ಮತ್ತಿ ಸುಮ್ಮಿರಲಿಲ್ಲ. ಆಕಿ ಬ್ಯಾಡಗಿ ಗೆಳತೀನ ನೋಡಿದ ಮ್ಯಾಲ ತಿಳೀತು.’

‘ಅತ್ತಿ ಮ್ಯಾಲ ಸಿಟ್ಟೇನ್ರಿ?’

‘ಸಿಟ್ಟು ಮಾಡಾಕ ಊಟಾ ಬಿಡಬೇಕಾಗ್ತೈತಿ,’ ಎಂದರು. ‘ಈಗ ಆಗೂದಿಲ್ಲ.’

ಬೀದಿಯಲ್ಲಿ ಆಟೋಗಳು ಹೋದವು. ಅವರು ಕೋಲಿನ ತುದಿಯಿಂದ ನೆಲ ಕೆದರುತ್ತ ಕೇಳಿದರು, ‘ಆ ಹಾವೇರಿ ಹೆಣ್ಣಮಗಳು ಮತ್ತ ಬರ್ತಾಳೇನು?’

‘ಕರದ್ರ ಬರ್ತಾರ್ರಿ. ಆದ್ರ ಊರ ಮಂದಿ ಕಣ್ಣಾಗ ಬರಾಕ ಏನರೆ ನೆಪಾ ಬೇಕಲ್ರಿ.’

‘ಹಂಗಾದ್ರ ಇನ್ನೊಂದು ತಿಥಿ ಇಡು.’

‘ಯಾರ್ದರಿ?’

‘ಯಾರ್ದರೆ ಇಡು,’ ಎಂದರು ಮಾವನವರು. ‘ಯಾರೂ ಸಿಗಲಿಲ್ಲಂದ್ರ ನಂದ ಇಡು.’

ಬರುವ ರವಿವಾರಕ್ಕೆ ಇಟ್ಟುಕೊಂಡಿದ್ದೇವೆ. ಇವರಿಗೆ ಇನ್ನೂ ಹೇಳಿಲ್ಲ. ಎಲೆಯ ಮುಂದೆ ಕೂತಾಗ ಗೊತ್ತಾಗುತ್ತದೆ.